ಗೋಡೆಯ ಪೋರ್ಟ್‌ಗೆ ಲ್ಯಾನ್ ಕೇಬಲ್ ಚುಚ್ಚಿದರೆ ನೆಟ್ ಬಂದೇಬಿಡುತ್ತದೆಯೇ? ನಿಮ್ಮ ಫೋನಿಗೂ ಇದಕ್ಕೂ ಏನು ಸಂಬಂಧ?

‘ವೈ-ಫೈಗೆ ಪಾಸ್‌ವರ್ಡ್ ಬೇಕು, ಲ್ಯಾನ್ ಕೇಬಲ್‌ಗೆ ಏನೂ ಬೇಡ, ಚುಚ್ಚಿದರೆ ಸಾಕು’ ಎಂದು ಅನೇಕರು ನಂಬಿದ್ದಾರೆ. ಮನೆಯ ರೂಟರ್ ಮಟ್ಟಿಗೆ ಇದು ಬಹುತೇಕ ನಿಜ. ಆದರೆ ಆಸ್ಪತ್ರೆಯ ಕಾಯುವ ಕೊಠಡಿಯ ಗೋಡೆಯಲ್ಲೂ ಒಂದು ಪೋರ್ಟ್ ಇರುತ್ತದೆ. ಅಲ್ಲಿ ಕುಳಿತ ಯಾರೋ ಲ್ಯಾಪ್‌ಟಾಪ್ ಚುಚ್ಚಿದರೆ ರೋಗಿಗಳ ಮಾಹಿತಿ ಇರುವ ನೆಟ್‌ವರ್ಕ್‌ಗೇ ಸೇರಿಬಿಡಬಹುದೇ? ಇದನ್ನು ತಡೆಯಲೆಂದೇ ಐಇಇಇ ಸಂಸ್ಥೆ 2001ರಲ್ಲಿ 802.1ಎಕ್ಸ್ ಎಂಬ ಮಾನದಂಡವನ್ನು ರೂಪಿಸಿತು.

ಹೇಗೆ ಕೆಲಸ ಮಾಡುತ್ತದೆ?

ಇಲ್ಲಿ ಮೂವರು ಪಾತ್ರಧಾರಿಗಳು: ನಿಮ್ಮ ಸಾಧನ, ಕೇಬಲ್ ಸೇರುವ ಸ್ವಿಚ್, ಮತ್ತು ಯಾರಿಗೆ ಪ್ರವೇಶ ಉಂಟು ಎಂಬ ಪಟ್ಟಿ ಇಟ್ಟುಕೊಂಡ ಸರ್ವರ್ (ಸಾಮಾನ್ಯವಾಗಿ ರೇಡಿಯಸ್ ಸರ್ವರ್). ಅಪಾರ್ಟ್‌ಮೆಂಟ್ ಗೇಟಿನ ವಾಚ್‌ಮನ್ ಬಂದವರ ಹೆಸರು ಕೇಳಿ, ಇಂಟರ್‌ಕಾಮ್‌ನಲ್ಲಿ ಮನೆಯವರನ್ನು ವಿಚಾರಿಸಿ, ಆಮೇಲೆ ಒಳಗೆ ಬಿಡುತ್ತಾನಲ್ಲ, ಸ್ವಿಚ್ ಮಾಡುವುದೂ ಅದನ್ನೇ. ಕೇಬಲ್ ಚುಚ್ಚಿದಾಗ ಗುರುತು ಸಾಬೀತುಪಡಿಸುವ ಸಂದೇಶಗಳನ್ನು ಮಾತ್ರ ಅದು ಸ್ವೀಕರಿಸುತ್ತದೆ. ಸರ್ವರ್ ‘ಸರಿ’ ಎಂದರಷ್ಟೇ ಪೋರ್ಟ್ ತೆರೆಯುತ್ತದೆ. ಗುರುತು ಸಿಗದ ಸಾಧನವನ್ನು ಹೊರಗಿಡಬಹುದು, ಇಲ್ಲವೇ ಅತಿಥಿಗಳ ಪ್ರತ್ಯೇಕ ನೆಟ್‌ವರ್ಕ್‌ಗೆ ಕಳುಹಿಸಬಹುದು.

ಮ್ಯಾಕ್ ವಿಳಾಸ ನೋಡಿದರೆ ಸಾಲದೇ?

ಸಾಲದು. ಪ್ರತಿ ಸಾಧನಕ್ಕೂ ಮ್ಯಾಕ್ ವಿಳಾಸ ಇರುವುದು ನಿಜ, ಆದರೆ ಅದನ್ನು ಸಾಫ್ಟ್‌ವೇರ್‌ನಿಂದ ಸುಲಭವಾಗಿ ಬದಲಿಸಬಹುದು. 802.1ಎಕ್ಸ್ ಗೊತ್ತಿಲ್ಲದ ಹಳೆಯ ಪ್ರಿಂಟರ್, ಕ್ಯಾಮೆರಾಗಳನ್ನು ಅನೇಕ ಕಡೆ ಮ್ಯಾಕ್ ವಿಳಾಸ ನೋಡಿಯೇ ಒಳಗೆ ಬಿಡುತ್ತಾರೆ. ಕಳ್ಳರು ಮೊದಲು ಹುಡುಕುವುದೂ ಅಂಥ ಪೋರ್ಟ್‌ಗಳನ್ನೇ. ಹಾಗಾಗಿ ಈ ಸಾಧನಗಳಿಗೆ ಬೇಕಾದಷ್ಟೇ ಪ್ರವೇಶ ಕೊಡುವುದು ಜಾಣತನ.

ನಿಮ್ಮ ಫೋನಿನಲ್ಲೂ ಇದೆ

ಕಾಲೇಜು ಅಥವಾ ಆಫೀಸ್ ವೈ-ಫೈ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡದೆ, ನಿಮ್ಮದೇ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆಯೇ? ಫೋನಿನ ವೈ-ಫೈ ಸೆಟ್ಟಿಂಗ್‌ನಲ್ಲಿಯೇ ಅದು ಕೇಳಿದರೆ ಹಿಂದೆ ಇರುವುದು ಇದೇ 802.1ಎಕ್ಸ್. ಬೆಂಗಳೂರಿನ ಐಐಎಸ್‌ಸಿ ಸೇರಿದಂತೆ ಜಗತ್ತಿನ ಸಾವಿರಾರು ವಿದ್ಯಾಸಂಸ್ಥೆಗಳಲ್ಲಿರುವ ‘ಎಜುರೋಮ್’ ವೈ-ಫೈ ಕೂಡ ಇದನ್ನೇ ಬಳಸುತ್ತದೆ. ಬೇರೆ ದೇಶದ ಕ್ಯಾಂಪಸ್‌ಗೆ ಹೋದರೂ ನಿಮ್ಮ ಸಂಸ್ಥೆಯ ಸರ್ವರೇ ನಿಮ್ಮನ್ನು ಗುರುತಿಸುತ್ತದೆ.

ಎಚ್ಚರ ಬೇಕಾದದ್ದೂ ಇಲ್ಲೇ. ಅದೇ ಹೆಸರಿನ ನಕಲಿ ವೈ-ಫೈಯನ್ನು ಯಾರು ಬೇಕಾದರೂ ತೆರೆಯಬಹುದು. ಎದುರಿಗಿರುವುದು ಅಸಲಿ ಸರ್ವರೇ ಎಂದು ಫೋನ್ ತಿಳಿಯುವುದು ಅದರ ಡಿಜಿಟಲ್ ಪ್ರಮಾಣಪತ್ರ ನೋಡಿ. ಹಳೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಈ ಪರೀಕ್ಷೆಯನ್ನೇ ಬಿಟ್ಟುಬಿಡುವ ‘ಡು ನಾಟ್ ವ್ಯಾಲಿಡೇಟ್’ ಆಯ್ಕೆ ಇದೆ. ‘ಅದನ್ನು ಒತ್ತಿ, ಬೇಗ ಕನೆಕ್ಟ್ ಆಗುತ್ತದೆ’ ಎಂಬ ಸಲಹೆ ಕೇಳಿದರೆ ಪಾಸ್‌ವರ್ಡ್ ನಕಲಿ ಸರ್ವರ್ ಕೈಸೇರಬಹುದು. ಅದೇ ಪಾಸ್‌ವರ್ಡ್‌ನಿಂದ ನಿಮ್ಮ ಇಮೇಲ್ ಕೂಡ ತೆರೆಯುತ್ತಿದ್ದರೆ ನಷ್ಟ ಇನ್ನೂ ದೊಡ್ಡದು.

ನೀವೇನು ಮಾಡಬೇಕು?

• ಸಂಸ್ಥೆಯ ಐಟಿ ವಿಭಾಗ ಕೊಟ್ಟ ಆ್ಯಪ್ ಅಥವಾ ಸೂಚನೆಯಂತೆಯೇ ವೈ-ಫೈ ಸೆಟ್ ಮಾಡಿ.
• ದಿನವೂ ಬಳಸುವ ವೈ-ಫೈ ಇದ್ದಕ್ಕಿದ್ದಂತೆ ಹೊಸ ಪ್ರಮಾಣಪತ್ರವನ್ನು ನಂಬಲು ಕೇಳಿದರೆ ‘ಟ್ರಸ್ಟ್’ ಒತ್ತುವ ಮೊದಲು ಐಟಿಯವರನ್ನು ಕೇಳಿ.
• ವೈ-ಫೈ ಪಾಸ್‌ವರ್ಡನ್ನೇ ಬ್ಯಾಂಕ್, ಇಮೇಲ್‌ಗೆ ಬಳಸಬೇಡಿ.
• ನಿಮ್ಮ ಲಾಗಿನ್ ಅನ್ನು ಸ್ನೇಹಿತರಿಗೂ ಕೊಡಬೇಡಿ. ಅವರು ಮಾಡಿದ್ದೆಲ್ಲ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ.

ಹಾಗೆಂದು 802.1ಎಕ್ಸ್ ಇದ್ದರೆ ಎಲ್ಲವೂ ಭದ್ರ ಎಂದಲ್ಲ. ಒಳಗೆ ಬಂದವರು ಯಾರು ಎಂದಷ್ಟೇ ಅದು ನೋಡುತ್ತದೆ. ಬಂದ ಲ್ಯಾಪ್‌ಟಾಪ್‌ನಲ್ಲಿ ವೈರಸ್ ಇದೆಯೇ ಎಂಬುದು ಅದರ ಕೆಲಸವಲ್ಲ. ಆದರೂ ಬಾಗಿಲಲ್ಲಿ ಕೇಳುವವರೇ ಇಲ್ಲದಿರುವುದಕ್ಕಿಂತ ಇದು ಎಷ್ಟೋ ಮೇಲು. ಮುಂದಿನ ಸಲ ‘ಹೀಗೆ ಮಾಡಿದರೆ ಆಫೀಸ್ ವೈ-ಫೈ ಬೇಗ ಕನೆಕ್ಟ್ ಆಗುತ್ತದೆ’ ಎಂಬ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಒಮ್ಮೆ ಯೋಚಿಸಿ ಎಂಬುದು ನಮ್ಮ ಕೋರಿಕೆ.