ಹೃದಯದ ರಕ್ತನಾಳ ತಾನಾಗಿ ಸೀಳಿದಾಗ

ಹೃದಯಾಘಾತವೆಂದರೆ ಬೀಡಿ-ಸಿಗರೇಟು ಸೇದುವ, ವಯಸ್ಸಾದ ಗಂಡಸರ ಕಾಯಿಲೆ ಎಂಬ ಭಾವನೆ ನಮ್ಮ ಬಸವನಗುಡಿ, ಚಾಮರಾಜಪೇಟೆಗಳ ಮನೆಗಳಲ್ಲಿ ಇನ್ನೂ ಬಲವಾಗಿದೆ. ಆದಕಾರಣ ನಲವತ್ತೈದರ ಗೃಹಿಣಿಗೆ ಎದೆ ಹಿಂಡಿದಂತಾದರೆ ಮೊದಲು ನೆನಪಾಗುವುದು ಗ್ಯಾಸ್ಟ್ರಿಕ್. ಓಮದ ಕಷಾಯ, ಒಂದು ಮಾತ್ರೆ, ಸ್ವಲ್ಪ ವಿಶ್ರಾಂತಿ. ಸಕ್ಕರೆ ಕಾಯಿಲೆಯಿಲ್ಲ, ರಕ್ತದೊತ್ತಡವಿಲ್ಲ, ಕೊಲೆಸ್ಟರಾಲ್ ಸರಿಯಾಗಿದೆ. ಅಂಥವರಿಗೆ ಹೃದಯದ ತೊಂದರೆ ಎಲ್ಲಿಂದ ಬರಬೇಕು ಎಂಬುದು ಮನೆಯವರ ತರ್ಕ. ಕೆಲವೊಮ್ಮೆ ವೈದ್ಯರ ತರ್ಕವೂ ಇದೇ ಆಗುವುದುಂಟು.

ಈ ತರ್ಕವನ್ನು ಸುಳ್ಳಾಗಿಸುವ ಕಾಯಿಲೆಯೇ ಸ್ಪಾಂಟೇನಿಯಸ್ ಕೊರೊನರಿ ಆರ್ಟರಿ ಡಿಸೆಕ್ಷನ್, ಸಂಕ್ಷಿಪ್ತವಾಗಿ ಸ್ಕ್ಯಾಡ್. ಹೃದಯಕ್ಕೆ ರಕ್ತ ಒದಗಿಸುವ ಪರಿಧಮನಿಯ ಗೋಡೆಯಲ್ಲಿ ಮೂರು ಪದರಗಳಿವೆ. ಒಳಪದರ ಹರಿದು, ಅಥವಾ ಗೋಡೆಯ ಒಳಗೇ ರಕ್ತ ಒಸರಿ, ಪದರಗಳು ಬೇರ್ಪಡುತ್ತವೆ. ಅಲ್ಲಿ ಸೇರಿದ ರಕ್ತ ನಾಳವನ್ನು ಒತ್ತಿ ಕಿರಿದಾಗಿಸುತ್ತದೆ. ಇಲ್ಲಿ ಕೊಬ್ಬಿನ ಶೇಖರಣೆಯ ಪಾತ್ರವಿಲ್ಲ. 1931ರಲ್ಲಿ ಇಂಗ್ಲೆಂಡಿನಿಂದ ವರದಿಯಾದ ಮೊದಲ ಪ್ರಕರಣ 42 ವರ್ಷದ ಮಹಿಳೆಯದು. ಮರಣೋತ್ತರ ಪರೀಕ್ಷೆಯಲ್ಲಷ್ಟೇ ಅದು ತಿಳಿಯಿತು. ಇಂದಿಗೂ ಈ ರೋಗಿಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರೇ. ತೀವ್ರ ಮನೋವ್ಯಥೆ, ಮೀರಿದ ದೈಹಿಕ ಶ್ರಮ, ಹೆರಿಗೆಯ ನಂತರದ ದಿನಗಳು ಇದಕ್ಕೆ ನಿಮಿತ್ತವಾಗಬಹುದು.

ಎದೆಯಲ್ಲಿ ಒತ್ತಡ, ದವಡೆ, ಭುಜ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಬ್ಬಸ, ವಾಕರಿಕೆ ಇದರ ಲಕ್ಷಣಗಳು. ಹೀಗಾದಾಗ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಆಟೋ ಹುಡುಕುತ್ತ ನಿಲ್ಲುವುದು ಬೇಡ. ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ ಬಸವನಗುಡಿಗೆ ಹತ್ತಿರವೇ, ಸಂಜೆಯ ವಾಹನದಟ್ಟಣೆಯಲ್ಲಿ ಮಾತ್ರ ದೂರ! ಮೊದಲ ಇಸಿಜಿ ಸರಿಯಿದ್ದರೂ ನೋವು ಮುಂದುವರಿದಿದ್ದರೆ ಮನೆಗೆ ಮರಳಬಾರದು. ಇಸಿಜಿಯನ್ನು ಮತ್ತೆ ಮಾಡಿಸಿ, ರಕ್ತದ ಟ್ರೋಪೋನಿನ್ ಪರೀಕ್ಷೆಯನ್ನೂ ವಿನಯದಿಂದಲೇ ಕೇಳಬೇಕು. ಖಚಿತ ನಿದಾನಕ್ಕೆ ಆಂಜಿಯೋಗ್ರಾಂ ಬೇಕು.

ಚಿಕಿತ್ಸೆಯಲ್ಲಿಯೂ ಸ್ಕ್ಯಾಡ್ ಬೇರೆಯೇ. ಸಾಮಾನ್ಯ ಹೃದಯಾಘಾತದಲ್ಲಿ ಜೀವ ಉಳಿಸುವ, ಹೆಪ್ಪು ಕರಗಿಸುವ ಚುಚ್ಚುಮದ್ದು ಇಲ್ಲಿ ಗೋಡೆಯೊಳಗಿನ ರಕ್ತಸ್ರಾವವನ್ನು ಹೆಚ್ಚಿಸಬಹುದು. ಸ್ಟೆಂಟ್ ಹಾಕಹೋದರೆ ಸೀಳು ಮುಂದಕ್ಕೆ ಹರಿಯಬಹುದು. ಹಾಗೆಂದು ರೋಗಿಯಾಗಲಿ ಬಂಧುಗಳಾಗಲಿ ಇವನ್ನು ತಾವೇ ನಿರಾಕರಿಸತಕ್ಕದ್ದಲ್ಲ. ರಕ್ತ ಸಂಚಾರ ಪೂರ್ತಿ ನಿಂತಾಗ ಸ್ಟೆಂಟ್ ಅಥವಾ ಬೈಪಾಸ್ ಅನಿವಾರ್ಯವಾಗುತ್ತದೆ. ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ಆಸ್ಪತ್ರೆಯಲ್ಲಿ ಕೆಲವು ದಿನ ನಿಗಾದಲ್ಲಿಟ್ಟು, ಔಷಧ ಕೊಟ್ಟು ಕಾಯುವುದೇ ಮೇಲು. ಬಹುತೇಕ ಸೀಳುಗಳು ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾವಾಗಿ ಕೂಡಿಕೊಳ್ಳುತ್ತವೆ. “ಬ್ಲಾಕ್ ಇದೆಯಂತೆ, ಏನೂ ಮಾಡದೆ ಕಳುಹಿಸಿದರು” ಎಂದು ನೆಂಟರು ಆಕ್ಷೇಪಿಸುವುದುಂಟು. ಆ ಕಾಯುವಿಕೆಯೇ ಚಿಕಿತ್ಸೆ.

ಈ ಕಾಯಿಲೆ ಮರುಕಳಿಸಬಲ್ಲದು. ಬೀಟಾ ಬ್ಲಾಕರ್ ಮಾತ್ರೆಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ನಿಲ್ಲಿಸಬಾರದು, ರಕ್ತದೊತ್ತಡ ಹತೋಟಿಯಲ್ಲಿರಬೇಕು. ಕುತ್ತಿಗೆ, ಮೂತ್ರಪಿಂಡಗಳ ರಕ್ತನಾಳಗಳಲ್ಲೂ ದೋಷವಿರಬಹುದಾದ್ದರಿಂದ ಅವುಗಳ ಸ್ಕ್ಯಾನ್ ಅಗತ್ಯ. ಲಾಲ್‌ಬಾಗಿನಲ್ಲಿ ನಿಧಾನದ ನಡಿಗೆ ಒಳ್ಳೆಯದೇ. ನೀರಿನ ಕ್ಯಾನು, ಗ್ಯಾಸ್ ಸಿಲಿಂಡರ್ ಎತ್ತುವ ಕೆಲಸವನ್ನು ಮನೆಯ ಇತರರು ವಹಿಸಿಕೊಳ್ಳಲಿ. ಡಿಸ್ಚಾರ್ಜ್ ಪತ್ರ, ಆಂಜಿಯೋಗ್ರಾಂ ಸಿ.ಡಿ.ಗಳನ್ನು ಎಲ್ಲರಿಗೂ ಗೊತ್ತಿರುವೆಡೆ ಇಡಿ. ಮತ್ತೆ ನೋವು ಬಂದಾಗ ಹೊಸ ವೈದ್ಯರು ಮೊದಲು ನೋಡಬೇಕಾದದ್ದು ಅವನ್ನೇ.