ದೇವರ ಆವೇಶ, ನಾಡಿನ ಕಾನೂನು

ಸಾವಿರ ವರ್ಷಗಳ ಹಿಂದೆ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಐಸ್‌ಲೆಂಡ್‌ಗಳಲ್ಲಿ ಬಾಳಿದ ನಾರ್ಸ್ ಜನರನ್ನು ಇತಿಹಾಸದ ಪಾಠಗಳಲ್ಲಿ ನಾವು ಕಡಲ್ಗಳ್ಳರೆಂದೇ ಬಲ್ಲೆವು. ಅವರ ಯೋಧರಲ್ಲಿ ಕೆಲವರಿಗೆ ಯುದ್ಧವೆಂಬುದು ದೈವಾರಾಧನೆಯೂ ಆಗಿತ್ತೆಂಬುದನ್ನು ಅರಿತವರು ವಿರಳ.

ಈ ಯೋಧರಿಗೆ 'ಬರ್ಸರ್ಕ್' ಎಂಬ ಹೆಸರಿದ್ದಿತು. 'ಕರಡಿಯ ತೊಗಲಂಗಿ ತೊಟ್ಟವನು' ಎಂದು ಹಲವು ವಿದ್ವಾಂಸರು ಇದಕ್ಕೆ ಅರ್ಥ ಹೇಳುತ್ತಾರೆ. 'ಕವಚವಿಲ್ಲದವನು' ಎಂಬುದು ಇನ್ನು ಕೆಲವರ ಮತ. ತೋಳದ ತೊಗಲು ಹೊದ್ದವರಿಗೆ ಬೇರೆಯೇ ಹೆಸರಿತ್ತು. 9ನೆಯ ಶತಮಾನದ ನಾರ್ವೆಯ ದೊರೆ ಹರಾಲ್ಡನ ಪ್ರಶಸ್ತಿಗೀತದಲ್ಲಿ ಇಬ್ಬರೂ ಅವನ ಪಡೆಯಲ್ಲಿ ಕಾಣಿಸಿಕೊಳ್ಳುತ್ತಾರೆ.

ಇವರ ಅಧಿದೈವ ಓಡಿನ್. ಯುದ್ಧ, ಕಾವ್ಯ, ಮೃತಲೋಕ ಮೂರಕ್ಕೂ ಒಡೆಯನಾದ ಈ ಒಕ್ಕಣ್ಣ ದೇವನ ಹೆಸರಿನ ಮೂಲದಲ್ಲಿಯೇ 'ಉನ್ಮಾದ' ಎಂಬ ಅರ್ಥವಿದೆ. ಅವನ ಭಟರು ಕವಚವಿಲ್ಲದೆ ನುಗ್ಗಿ, ತಮ್ಮ ಗುರಾಣಿಗಳನ್ನೇ ಕಚ್ಚುತ್ತಿದ್ದರೆಂದೂ ಬೆಂಕಿಯಾಗಲಿ ಕಬ್ಬಿಣವಾಗಲಿ ಅವರನ್ನು ತಾಗುತ್ತಿರಲಿಲ್ಲವೆಂದೂ 13ನೆಯ ಶತಮಾನದ ಐಸ್‌ಲೆಂಡಿನ ಇತಿಹಾಸಕಾರ ಸ್ನೋರಿ ಬರೆದಿದ್ದಾನೆ. ಸ್ನೋರಿ ಕ್ರೈಸ್ತನು, ಹಳೆಯ ಧರ್ಮ ಅಳಿದು ಇನ್ನೂರು ವರ್ಷಗಳ ಮೇಲೆ ಬರೆದವನು. ಆದುದರಿಂದ ಅವನ ಮಾತನ್ನು ಎಚ್ಚರಿಕೆಯಿಂದಲೇ ಓದಬೇಕು.

ಆದರೂ ನೆಲದಡಿಯ ಸಾಕ್ಷ್ಯವೊಂದಿದೆ. ಸ್ವೀಡನ್ನಿನ ಓಲಾಂಡ್ ದ್ವೀಪದ ತೋರ್ಸ್‌ಲುಂಡಾ ಎಂಬಲ್ಲಿ 1870ರಲ್ಲಿ ನಾಲ್ಕು ಕಂಚಿನ ಅಚ್ಚುಗಳು ದೊರೆತವು. ಶಿರಸ್ತ್ರಾಣದ ತಗಡುಗಳ ಮೇಲೆ ಚಿತ್ರವೊತ್ತಲು ಮಾಡಿದ ಇವು ಸ್ನೋರಿಗಿಂತ ಸುಮಾರು ಆರು ಶತಮಾನ ಹಳೆಯವು. ಒಂದರಲ್ಲಿ ಕೊಂಬಿನ ಕಿರೀಟ ಧರಿಸಿ ಈಟಿ ಹಿಡಿದವನೊಬ್ಬನು ಕುಣಿಯುತ್ತಿದ್ದಾನೆ. ಪಕ್ಕದಲ್ಲಿ ತೋಳದ ತೊಗಲು ಹೊದ್ದ ಯೋಧನೊಬ್ಬನು ಈಟಿ ಹಿಡಿದು ನಿಂತಿದ್ದಾನೆ. ಯುದ್ಧಕ್ಕೆ ಮೊದಲಿನ ವಿಧಿನೃತ್ಯವಿದು ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ.

ರಣರಂಗದಲ್ಲಿ ವರವಾದ ಆವೇಶವು ಊರೊಳಗೆ ಬಂದಾಗ ಏನಾಯಿತು? ಐಸ್‌ಲೆಂಡಿನ ಸಾಗಾ ಕಥೆಗಳಲ್ಲಿ ಬರ್ಸರ್ಕನು ರೈತನ ಮನೆಬಾಗಿಲಿಗೆ ಬಂದು ಹೊಲವನ್ನೋ ಮಗಳನ್ನೋ ಕೊಡು, ಇಲ್ಲವೇ ಕಾದು ಎಂದು ಬೆದರಿಸುವ ಪುಂಡನಾಗಿಬಿಟ್ಟಿದ್ದಾನೆ. ಸುಮಾರು 1000ದಲ್ಲಿ ಆ ದೇಶವು ಕ್ರೈಸ್ತಧರ್ಮವನ್ನು ಸ್ವೀಕರಿಸಿತು. 12ನೆಯ ಶತಮಾನದಲ್ಲಿ ಬರೆದಿಟ್ಟ ಅದರ ಕಾನೂನಿನಲ್ಲಿ ಇಂಥ ಆವೇಶಕ್ಕೆ ಒಳಗಾದವನಿಗೆ ಮೂರು ವರ್ಷಗಳ ಗಡೀಪಾರು ವಿಧಿಸಲಾಯಿತು.

ಆ ಕಾನೂನಿನ ಮುಂದಿನ ಮಾತು ನಮ್ಮನ್ನು ಹೆಚ್ಚು ಚಿಂತನೆಗೆ ಹಚ್ಚುತ್ತದೆ. ಅಲ್ಲಿದ್ದೂ ಅವನನ್ನು ಹಿಡಿದು ತಡೆಯದವರಿಗೂ ಅದೇ ಶಿಕ್ಷೆ! ಉನ್ಮಾದವನ್ನು ಸುತ್ತ ನಿಂತು ನೋಡುವವರೂ ಅದರ ಪಾಲುದಾರರೆಂದು ಆ ಪುಟ್ಟ ಸಮಾಜವು ಎಂಟುನೂರು ವರ್ಷಗಳ ಹಿಂದೆಯೇ ಕಂಡುಕೊಂಡಿತ್ತು. ಗುಂಪಿನ ಆವೇಶಕ್ಕೆ ದೇವರ ಹೆಸರು ಕೊಡುವ ಚಾಳಿ ಲೋಕದಿಂದ ಇನ್ನೂ ತೊಲಗಿಲ್ಲವಾದುದರಿಂದ, ಈ ವಿವೇಕವನ್ನು ನಮ್ಮ ಮಕ್ಕಳಿಗೂ ತಿಳಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.