ತೀರಿದ ಸಾಲ, ಅಳಿಯದ ಬರಹ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಸಾಲದ ಲೆಕ್ಕವು ಅಟ್ಟದ ಲೆಕ್ಕವನ್ನು ಅನುಸರಿಸಿ ನಡೆಯುತ್ತದೆ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ಗಿಟುಕು ಚಿಪ್ಪಿನಿಂದ ಬಿಡಿಸಿಕೊಂಡು, ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಸದ್ದು ಮಾಡುವವರೆಗೂ ಹತ್ತು ಹನ್ನೊಂದು ತಿಂಗಳು ಕಾದು, ಸುಲಿದು, ಒಡೆದು, ಚೀಲ ತುಂಬಿ ತಿಪಟೂರಿನ ಮಾರುಕಟ್ಟೆಗೆ ಒಯ್ದ ಮೇಲೆ ಕೈಗೆ ಬರುವ ಹಣದಿಂದಲೇ ಮಗಳ ಮದುವೆಯೂ ಆಗಬೇಕು, ಬ್ಯಾಂಕಿನ ಕಂತೂ ತೀರಬೇಕು. ಇಷ್ಟು ದೀರ್ಘವಾದ ತಾಳ್ಮೆಯಿಂದ ಸಾಲವನ್ನು ತೀರಿಸಿದವನು, ರಸೀತಿ ಕೈಸೇರಿದೊಡನೆ ತನ್ನ ಋಣ ಹರಿಯಿತೆಂದು ನಂಬುವುದು ಸಹಜವಾಗಿದೆ. ಆದರೆ ಹಣ ಸಂದಾಯವಾಗುವುದು ಒಂದು ಕ್ರಿಯೆ, ಬರಹ ಅಳಿಯುವುದು ಇನ್ನೊಂದು. ಇವೆರಡರ ನಡುವೆ ವರ್ಷಗಳೇ ಕಳೆದುಹೋಗಬಹುದೆಂಬುದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡೆನು.

ತುರುವೇಕೆರೆಯ ಕಡೆಯ ನನ್ನ ಸೋದರಮಾವನವರು ಕೊಳವೆಬಾವಿಗಾಗಿ ಮಾಡಿದ್ದ ಸಾಲವನ್ನು ಬಡ್ಡಿಸಹಿತವಾಗಿ ಚುಕ್ತಾ ಮಾಡಿ, ರಸೀತಿಯನ್ನು ನಾಲ್ಕಾಗಿ ಮಡಚಿ, ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಪಂಚಾಂಗದ ನಡುವೆ ಇಟ್ಟಿದ್ದರು. ನಾಲ್ಕು ವರ್ಷಗಳ ತರುವಾಯ ಮಕ್ಕಳಿಗೆ ತೋಟವನ್ನು ವಿಭಾಗ ಮಾಡಿಕೊಡಲೆಂದು ಪಹಣಿ ತೆಗೆಸಿದಾಗ, ಹನ್ನೊಂದನೆಯ ಕಾಲಮ್ಮಿನಲ್ಲಿ, ‘ಋಣಗಳು’ ಎಂಬ ತಲೆಬರಹದ ಕೆಳಗೆ, ಬ್ಯಾಂಕಿನ ಹೆಸರೂ ಸಾಲದ ಮೊತ್ತವೂ ಹಾಗೆಯೇ ಅಚ್ಚಾಗಿ ಬಂದವು. ಅವರು ಆ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಕಟ್ಟಿದ್ದೀನಲ್ಲಪ್ಪಾ, ಇನ್ನೂ ಯಾಕೆ ಕೂತಿದೆ ಇದು?” ಎಂದು ನನ್ನನ್ನು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದುದರ ಫಲವೇ ಈ ಲೇಖನ.

ಕರ್ನಾಟಕದಲ್ಲಿ 1974ರ ಕೃಷಿ ಸಾಲ ವ್ಯವಹಾರಗಳ ಅಧಿನಿಯಮದ ಪ್ರಕಾರ, ರೈತನು ಬ್ಯಾಂಕಿಗೆ ಒಂದು ಘೋಷಣೆಯನ್ನು ಬರೆದುಕೊಟ್ಟ ಮಾತ್ರಕ್ಕೆ ಅವನ ಜಮೀನಿನ ಮೇಲೆ ಸಾಲದ ಭಾರ ಸ್ಥಾಪಿತವಾಗುತ್ತದೆ. ಆ ಘೋಷಣೆಯ ಪ್ರತಿ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗುತ್ತದೆ, ಪಹಣಿಯಲ್ಲಿ ನಮೂದಾಗುತ್ತದೆ, ಅದರ ಜೊತೆಗೇ ಸಾಲದ ವಿವರವು ಸಿಬಿಲ್ ಮೊದಲಾದ ಸಾಲಮಾಹಿತಿ ಸಂಸ್ಥೆಗಳ ಭಂಡಾರವನ್ನೂ ಸೇರುತ್ತದೆ. ಈಚೆಗೆ ರೈತರ ನೋಂದಣಿಗೆಂದು ಸರ್ಕಾರ ರೂಪಿಸಿದ ಫ್ರೂಟ್ಸ್ ತಂತ್ರಾಂಶದ ದೆಸೆಯಿಂದ ಬ್ಯಾಂಕಿನವರು ಕುಳಿತಲ್ಲಿಂದಲೇ ಋಣವನ್ನು ದಾಖಲು ಮಾಡಬಲ್ಲರು. ಹೀಗೆ ಸಾಲವು ಒಂದೇ ಸಹಿಯಿಂದ ಹಲವು ಪುಸ್ತಕಗಳನ್ನು ಹೊಕ್ಕರೂ, ಹೊರಡುವಾಗ ಮಾತ್ರ ಒಂದೊಂದು ಪುಸ್ತಕದಿಂದಲೂ ಪ್ರತ್ಯೇಕವಾಗಿ ಹೊರಡಬೇಕಾಗುತ್ತದೆ. ಬ್ಯಾಂಕಿನಿಂದ ಬೇಬಾಕಿ ಪತ್ರವನ್ನು ಪಡೆದು, ಅದನ್ನು ಕಂದಾಯ ಇಲಾಖೆಯ ಕಚೇರಿಗೆ ತಲುಪಿಸಿ, ಪಹಣಿಯ ನಮೂದನ್ನು ತೆಗೆಸದ ಹೊರತು ತೋಟದ ಮೇಲಿನ ಬರಹ ತಾನಾಗಿ ಹೋಗುವುದಿಲ್ಲ. ನಮ್ಮ ಮಾವನವರ ರಸೀತಿ ಪೆಟ್ಟಿಗೆಯನ್ನು ಬಿಟ್ಟು ಹೊರಗೆ ಬಂದೇ ಇರಲಿಲ್ಲ.

ಕಂದಾಯದ ಬಾಕಿಯ ವಿಚಾರ ಇದಕ್ಕಿಂತ ಸ್ವಲ್ಪ ಭಿನ್ನ. 1964ರ ಭೂಕಂದಾಯ ಅಧಿನಿಯಮದಂತೆ ಭೂಕಂದಾಯವು ಭೂಮಿಯ ಮೇಲಿನ ಅಗ್ರಗಣ್ಯ ಋಣ. ಅದನ್ನು ಉಳಿಸಿಕೊಂಡರೆ ತೋಟಕ್ಕೇ ಸಂಚಕಾರ. ಆದರೆ ಸಿಬಿಲ್ ವರದಿಯಲ್ಲಿ ಸೇರತಕ್ಕದ್ದು ಬ್ಯಾಂಕು, ಹಣಕಾಸು ಸಂಸ್ಥೆ ಮುಂತಾದವುಗಳು ಕೊಟ್ಟ ಸಾಲದ ಚರಿತ್ರೆಯೇ ಹೊರತು ಸರ್ಕಾರಕ್ಕೆ ಸಲ್ಲಬೇಕಾದ ಕಂದಾಯದ ಲೆಕ್ಕ ಅದರಲ್ಲಿ ಬರುವುದಿಲ್ಲ. ಅಮೆರಿಕೆಯಲ್ಲಿ ಬಹುಕಾಲ ಇದಕ್ಕೆ ವಿಪರೀತವಾದ ಪದ್ಧತಿಯಿತ್ತು. ಅಲ್ಲಿ ತೆರಿಗೆ ಬಾಕಿಗಾಗಿ ಆಸ್ತಿಯ ಮೇಲೆ ಸರ್ಕಾರ ಹೂಡಿದ ಹಕ್ಕು ವ್ಯಕ್ತಿಯ ಸಾಲವರದಿಯನ್ನೂ ಸೇರುತ್ತಿತ್ತು. ತೆರಿಗೆಯನ್ನು ಪೂರ್ತಿಯಾಗಿ ಸಲ್ಲಿಸಿದ ಬಳಿಕವೂ, ಸಲ್ಲಿಸಿದ ದಿನದಿಂದ 7 ವರ್ಷಗಳ ಕಾಲ ಆ ಕಲೆ ವರದಿಯಲ್ಲಿ ಉಳಿಯಬಹುದೆಂದು 1970ರ ಕಾನೂನೇ ಅವಕಾಶ ಕೊಟ್ಟಿತ್ತು. ಹೆಸರು, ವಿಳಾಸ, ಗುರುತುಗಳು ಸರಿಯಾಗಿ ಹೊಂದಿಕೆಯಾಗದೆ ಒಬ್ಬರ ಬಾಕಿ ಇನ್ನೊಬ್ಬರ ತಲೆಗೆ ಬರುವ ಸಂಭವವಿದ್ದುದರಿಂದ, ಅಲ್ಲಿನ ಮೂರು ದೊಡ್ಡ ಸಂಸ್ಥೆಗಳು 2017ರಲ್ಲಿ ಆರಂಭಿಸಿ 2018ರ ಏಪ್ರಿಲ್ ವೇಳೆಗೆ ತೀರಿದವು, ತೀರದವು ಎಂಬ ಭೇದವಿಲ್ಲದೆ ಇಂತಹ ನಮೂದುಗಳೆಲ್ಲವನ್ನೂ ತೆಗೆದುಹಾಕಿದವು.

ನಮ್ಮಲ್ಲಿ ತೀರಿದ ಸಾಲವೂ ಕಲೆಯನ್ನು ಬಿಡುವುದು ಬೇರೊಂದು ಬಗೆಯಲ್ಲಿ. ಕೊಬ್ಬರಿಯ ಧಾರಣೆ ಕುಸಿದ ವರ್ಷಗಳಲ್ಲಿ, ನುಸಿಪೀಡೆಯಿಂದಲೋ ಬರದಿಂದಲೋ ಇಳುವರಿ ಸೊರಗಿದ ವರ್ಷಗಳಲ್ಲಿ, ಕಂತು ಕಟ್ಟಲಾರದವನಿಗೆ ಬ್ಯಾಂಕಿನವರು ಓಟಿಎಸ್ ಎಂಬ ದಾರಿ ತೋರಿಸುತ್ತಾರೆ. ಬಾಕಿಯಲ್ಲಿ ಒಂದಂಶವನ್ನು ಬಿಟ್ಟುಕೊಟ್ಟು ಉಳಿದುದನ್ನು ಒಮ್ಮೆಗೇ ಕಟ್ಟಿಸಿಕೊಳ್ಳುತ್ತಾರೆ. ರೈತನ ದೃಷ್ಟಿಯಲ್ಲಿ ಅಲ್ಲಿಗೆ ಸಾಲ ಮುಗಿಯಿತು. ವರದಿಯಲ್ಲಾದರೋ ಪೂರ್ತಿ ಕಟ್ಟಿದವನ ಖಾತೆಗೆ ‘ಕ್ಲೋಸ್ಡ್’ ಎಂದೂ ರಿಯಾಯಿತಿ ಪಡೆದವನ ಖಾತೆಗೆ ‘ಸೆಟಲ್ಡ್’ ಎಂದೂ ಬೇರೆ ಬೇರೆ ಮುದ್ರೆ ಬೀಳುತ್ತದೆ, ಎರಡನೆಯದನ್ನು ಕಂಡ ಮುಂದಿನ ಬ್ಯಾಂಕು ಹಿಂಜರಿಯುತ್ತದೆ. 300ರಿಂದ 900ರವರೆಗಿನ ಅಂಕದಲ್ಲಿ ಅವನ ಸ್ಥಾನ ಇಳಿಯುತ್ತದೆ. ಕಂತು ತಡವಾದ ದಿನಗಳ ಲೆಕ್ಕವೂ 36 ತಿಂಗಳವರೆಗೆ ತಿಂಗಳು ತಿಂಗಳಾಗಿ ಕಾಣಿಸುತ್ತದೆ. ಓಟಿಎಸ್‌ಗೆ ಒಪ್ಪುವ ಮೊದಲು ಈ ಮಾತನ್ನು ರೈತನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕಾದದ್ದು ಸಾಲ ಕೊಟ್ಟವರ ಕರ್ತವ್ಯವೆಂದು ನಾನು ದೃಢವಾಗಿ ನಂಬುತ್ತೇನೆ.

ವರದಿಯಲ್ಲಿ ತಪ್ಪಿದ್ದರೆ ಮಾತ್ರ ಪರಿಹಾರ ಸುಲಭ. ದೇಶದ ನಾಲ್ಕು ಸಾಲಮಾಹಿತಿ ಸಂಸ್ಥೆಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ಕಟ್ಟಿದ ಸಾಲ ಬಾಕಿಯೆಂದೇ ತೋರುತ್ತಿದ್ದರೆ ದೂರು ಕೊಡಬಹುದು; 30 ದಿನಗಳೊಳಗೆ ಅದು ಇತ್ಯರ್ಥವಾಗದಿದ್ದಲ್ಲಿ, ಆಮೇಲಿನ ಒಂದೊಂದು ದಿನಕ್ಕೂ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕೆಂದು ರಿಸರ್ವ್ ಬ್ಯಾಂಕಿನ 2023ರ ಅಕ್ಟೋಬರ್ ಆದೇಶ ವಿಧಿಸಿದೆ. ಅದೇ ವರ್ಷದ ಸೆಪ್ಟೆಂಬರಿನ ಇನ್ನೊಂದು ಆದೇಶವು, ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕೇ ಆಸ್ತಿಪತ್ರಗಳನ್ನು ಹಿಂದಿರುಗಿಸಿ ನೋಂದಾಯಿತ ಭಾರವನ್ನೂ ತೆಗೆಸಬೇಕು, ತನ್ನ ದೋಷದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕು ಎನ್ನುತ್ತದೆ. ಆದರೆ ಅದು ಹೊರಟದ್ದು ಗೃಹಸಾಲವೇ ಮೊದಲಾದ ವೈಯಕ್ತಿಕ ಸಾಲಗಳನ್ನು ಕುರಿತು. ಪಟ್ಟಣದಲ್ಲಿ ಮನೆ ಕಟ್ಟಿಸಿದವನಿಗೆ ದೊರೆತ ಈ ರಕ್ಷಣೆ, ತೋಟವನ್ನೇ ಒತ್ತೆಯಿಟ್ಟ ಚಿಕ್ಕನಾಯಕನಹಳ್ಳಿಯ ಬೆಳೆಗಾರನಿಗೂ ಅಷ್ಟೇ ಸ್ಪಷ್ಟವಾಗಿ ದೊರೆಯಬೇಡವೆ? ಭಾರವನ್ನು ಬರೆಸಿದವರೇ ಅದನ್ನು ಅಳಿಸುವ ಹೊಣೆಯನ್ನೂ ಹೊರುವುದು ನ್ಯಾಯ.

ಮಾವನವರ ಕೆಲಸ ಮುಗಿಯಲು ನಾಲ್ಕು ಸಲ ಬ್ಯಾಂಕಿಗೂ ಮೂರು ಸಲ ತಾಲ್ಲೂಕು ಕಚೇರಿಗೂ ಅಲೆಯಬೇಕಾಯಿತು. ಕೊನೆಗೊಂದು ಮಧ್ಯಾಹ್ನ ಹೊಸ ಪಹಣಿ ಕೈಗೆ ಬಂದಾಗ ಅವರು ಮೊದಲು ತಮ್ಮ ಹೆಸರನ್ನೂ ನೋಡಲಿಲ್ಲ, ವಿಸ್ತೀರ್ಣವನ್ನೂ ನೋಡಲಿಲ್ಲ. ಹನ್ನೊಂದನೆಯ ಕಾಲಮ್ಮಿನ ಖಾಲಿ ಜಾಗದ ಮೇಲೆ ಬೆರಳಿಟ್ಟು ಒಮ್ಮೆ ಸವರಿ, ಹಳೆಯ ರಸೀತಿಯೊಡನೆ ಅದನ್ನೂ ಮಡಚಿ ಜೇಬಿಗೆ ಸೇರಿಸಿದರು.